ಚೀಟಿ ಕಳೆದ ಬಳ್ಳಿ

ಶಶಾಂಕ ಲೋಟವನ್ನು ಮೂಗಿನ ಹತ್ತಿರ ತಂದ, ಕಣ್ಣು ಮುಚ್ಚಿದ, ಒಂದು ಗುಟುಕು ಬಾಯೊಳಗೆ ಹೊರಳಿಸಿದ. ಎದುರಿಗೆ ಕೂತ ಜಟ್ಟಪ್ಪ ಖಾಲಿ ಲೋಟ ಹಿಡಿದು ಅವನ ಹಾಗೆಯೇ ಕೆನ್ನೆ ಉಬ್ಬಿಸಿ ಅಣಕಿಸಿದ.

“ಎಂಥ ಮಾರಾಯ, ಕುಡೀತಿದೀಯೋ, ಬಾಯಿ ಮುಕ್ಕಳಿಸ್ತಿದೀಯೋ?”

ಶಶಾಂಕ ನಗಲಿಲ್ಲ. ವೈನ್ ಕಂಪನಿಯೊಂದರಲ್ಲಿ ರುಚಿ ನೋಡುವುದೇ ಅವನ ಕೆಲಸ. ಕಾಲೇಜು ಗೆಳೆಯ ಜಟ್ಟಪ್ಪನ ಕಾಟ ತಡೆಯಲಾರದೆ ಬಸರೀಕಟ್ಟೆಗೆ ಬಂದಿದ್ದ. “ಜಟ್ಟಾ, ಇಂಥ ವೈನ್ ನಾನೆಲ್ಲೂ ಕುಡಿದಿಲ್ಲ. ಯಾವ ದ್ರಾಕ್ಷಿ?”

“ಯಾರಿಗೆ ಗೊತ್ತು. ಹದಿನೆಂಟು ಹೈಬ್ರಿಡ್ ಸಸಿ ತಂದಿದ್ದೆ. ಏಳು ಮಳೆಗಾಲದಲ್ಲಿ ಹದಿನೇಳು ಕೊಳೆತವು. ಇದೊಂದು ಉಳೀತು, ಇದರ ಹೆಸರಿನ ಚೀಟಿ ಕೊಳೀತು. ಕೊಟ್ಟ ನರ್ಸರಿಯವನೂ ಬಾಗಿಲು ಹಾಕಿದ. ನಂಗೆ ಕೊಪ್ಪ ಪೇಟೇಲಿ ‘ಹುಳಿದ್ರಾಕ್ಷಿ ಜಟ್ಟಪ್ಪ’ ಅಂತಲೇ ಹೆಸರು.”

“ಇನ್ನು ಯಾರೂ ನಗಲ್ಲ. ಬೀಜ ಹಾಕಿದ್ರೆ ಬೇರೆಯೇ ಹಣ್ಣು ಬರುತ್ತೆ, ಈ ಬಳ್ಳಿಯಿಂದ ಕತ್ತರಿಸಿದ ಕಡ್ಡಿಯೇ ಬೇಕು. ಊರೂರಲ್ಲಿ ನೆಡಿಸೋಣ.” ಶಶಾಂಕ ಚೀಲದಿಂದ ಕತ್ತರಿ, ಒದ್ದೆ ಗೋಣಿಬಟ್ಟೆ ತೆಗೆದ. ಜಟ್ಟಪ್ಪ ಲೋಟ ಕೆಳಗಿಟ್ಟು ಎದ್ದ.

ಬಚ್ಚಲ ಕಡೆಯಿಂದ ಬಂದ ಹೊಗೆಯ ಹಿಂದೆಯೇ ಅವನ ಹೆಂಡತಿ ತುಂಗಾ ಕಣ್ಣೊರೆಸಿಕೊಳ್ಳುತ್ತ ಬಂದಳು. “ಶಶಾಂಕಣ್ಣಂಗೆ ಮೀಯೋಕೆ ಬೆಂಕಿ ಹಾಕಿ ಎಷ್ಟೊತ್ತಾಯ್ತು, ಹಂಡೆ ಇನ್ನೂ ಕಾದಿಲ್ಲ. ಬರೀ ಹೊಗೆ.”

ಬಳ್ಳಿ ತೋರಿಸಲು ಹಿಂದಿನ ಅಂಗಳಕ್ಕಿಳಿದ ಜಟ್ಟಪ್ಪ ನಿಂತುಬಿಟ್ಟ. ಚಪ್ಪರದ ಕಂಬದ ಬುಡದಲ್ಲಿ ನೆಲ ಕೆತ್ತಿ, ಸಗಣಿ ಸಾರಿಸಿ, ರಂಗೋಲಿ ಇಟ್ಟಿತ್ತು.

“ತುಂಗಾ, ಬಳ್ಳಿ?”

“ಅದೂ ಹೋಯ್ತಲ್ಲ. ಒಂದೆಲೆ ಇರ್ಲಿಲ್ಲ. ಇವರನ್ನ ಇಷ್ಟು ಹೇಳಿ ಕರೆಸ್ಕಂಡಿದೀರಿ, ಒಣಕಲು ತೋರಿಸಿ ನಿಮ್ಗೆ ಅವಮಾನ ಆಗೋದು ಬ್ಯಾಡ ಅಂತ, ಬೆಳಿಗ್ಗೆ ನೀವು ಕರ್ಕಂಡು ಬರೋಕೆ ಕೊಪ್ಪಕ್ಕೆ ಹೋದ ಮೇಲೆ ಬುಡ ಸಮೇತ ಕೀಳಿಸ್ದೆ.”

“ಈ ಸಲ ಚಳಿ ಜಾಸ್ತಿ, ತುಂಗಕ್ಕ. ಎಲೆ ಪೂರ್ತಿ ಉದುರ್ಸಿರುತ್ತೆ ಅಷ್ಟೇ, ಸತ್ತಿರಲ್ಲ,” ಶಶಾಂಕನ ದನಿ ಇಳಿದಿತ್ತು. “ಕಿತ್ತಿದ್ದು ಎಲ್ಲಿ?”

ಅವಳು ಗಂಡನ ಮುಖ ನೋಡಿದಳು. “ಆ ಹದಿನೇಳನ್ನೂ ನೀವೇ ಅಲ್ವಾ ಬಚ್ಚಲೊಲೆಗೆ ಹಾಕಿದ್ದು?”

ಜಟ್ಟಪ್ಪ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆಂಡ ಕೆದಕಿದ. ಸಿಕ್ಕಿದ್ದು ಗೇಣುದ್ದದ ಬುಡ ಒಂದೇ, ಮುಕ್ಕಾಲು ಪಾಲು ಇದ್ದಿಲು. ಅದರ ಕಡಿದ ತುದಿಯಲ್ಲಿ ರಸ ಇನ್ನೂ ಗುಳ್ಳೆ ಗುಳ್ಳೆಯಾಗಿ ಉಕ್ಕುತ್ತಿತ್ತು. ಅವನು ಅದನ್ನೇ ನೋಡುತ್ತ ಕೂತ, ರಸ ಆರುವವರೆಗೂ. ಆಮೇಲೆ ತಿರುಗದೆ ಹೇಳಿದ:

“ನೀರು ಕಾದಿದೆ ಶಶಾಂಕ. ಮಿಂದ್ಕಂಡು ಬಾ.”