ಪಾಚಿಗಾಜಿನ ಕಿಂಡಿ

“ಇದು ಸತ್ತಿದೆ. ಎತ್ತಿ ಬಿಸಾಡು,” ಅಂದರು ಮೋಹನದಾಸರು.

ಪೂಜಿತಾ ಆಫೀಸಿನ ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ. ನೇರವಾಗಿ ಹಾಲಿನ ಮೂಲೆಯ ಉಪ್ಪುನೀರಿನ ಮೀನಿನ ಟ್ಯಾಂಕಿನ ಮುಂದೆ ಹೋಗಿ ನಿಂತಳು. ಅಣಬೆಯಂತಿದ್ದ ಅವಳು ಸಾಕಿದ್ದ ಮೆತ್ತನೆಯ ಹವಳ, ತಂದಾಗ ಒಳ್ಳೇ ಬೆಲ್ಲದ ಬಣ್ಣಕ್ಕಿದ್ದದ್ದು, ಕೆಲವು ದಿನಗಳಿಂದ ಮಾಸುತ್ತ ಬಂದು ಇವತ್ತು ಪೂರ್ತಿ ಬಿಳುಚಿಕೊಂಡು ಮುದುಡಿ ಕೂತಿತ್ತು. ಮೈತುಂಬ ಅರಳಿ ಆಡುತ್ತಿದ್ದ ಎಳೆಗಳಲ್ಲಿ ಒಂದೂ ಹೊರಗಿಲ್ಲ. ಅದರ ಸುತ್ತ ಮಾತ್ರ ಎಲ್ಲ ಫಳಫಳ! ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ಸ್ವಚ್ಛ. ಮೇಲಿನ ಲೈಟು ಪೂರ್ತಿ ಜೋರಿನಲ್ಲಿ ಉರಿಯುತ್ತಿತ್ತು.

“ಮಾವ, ಇದನ್ನು ಯಾರು ಕ್ಲೀನ್ ಮಾಡಿದ್ದು?”

“ಯಾರು ಅಂದ್ರೆ? ನಾನೇ. ದಿನಾ ನೀನು ಆಫೀಸಿಗೆ ಹೋದ ಮೇಲೆ. ನೀನು ಕಲಸುವ ಹಾಗೆಯೇ ಉಪ್ಪುನೀರು ಕಲಸಿ, ಅರ್ಧ ನೀರು ಬದಲಿಸಿ, ಗಾಜು ಉಜ್ಜಿ, ಫಿಲ್ಟರಿನ ಸ್ಪಂಜು ತೊಳೆದು, ಲೈಟು ಜೋರು ಮಾಡಿ…” ಹೇಳುವಾಗ ಅವರ ಎದೆ ಉಬ್ಬಿತ್ತು. “ತುರ್ಭೆಯಲ್ಲಿ ಇಷ್ಟು ವರ್ಷ ಹೋಟೆಲು ನಡೆಸಿದವ ನಾನು, ಮಾರಾಯ್ತಿ. ನನ್ನ ಶೋಕೇಸಿನ ಗಾಜು ನೋಡಿ ಗಿರಾಕಿಗಳು ತಲೆ ಬಾಚಿಕೊಳ್ತಿದ್ರು.”

ಅಯ್ಯೋ ಕರ್ಮವೇ! ಪೂಜಿತಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಘಣಸೋಲಿಯ ಈ ಫ್ಲ್ಯಾಟಿನಲ್ಲಿ ಪರದೆ ಮಾವನ ಆಯ್ಕೆ, ಸೋಫಾ ಮಾವನ ಆಯ್ಕೆ, ಅವಳ ಮದುವೆಯ ಸೀರೆಯ ಬಣ್ಣ ಕೂಡ ಮಾವನ ಆಯ್ಕೆ. ಯಾರನ್ನೂ ಕೇಳದೆ ಅವಳು ತಂದದ್ದು ಈ ಟ್ಯಾಂಕ್ ಒಂದನ್ನೇ. ಹವಳವನ್ನು ಆಫೀಸಿನ ಗೆಳತಿ ತನ್ನ ಟ್ಯಾಂಕಿನಲ್ಲಿ ಬೆಳೆಸಿದ್ದರಲ್ಲಿ ಒಂದು ತುಂಡು ಕತ್ತರಿಸಿ, ಮಲ್ಲಿಗೆಯ ಗೆಲ್ಲು ಕೊಟ್ಟ ಹಾಗೆ ಕೊಟ್ಟಿದ್ದಳು. ಗಂಡ ಅಕ್ಷಿತನನ್ನು ನಂಬುವಂತಿಲ್ಲ. ಅಪ್ಪನ ದನಿ ಏರಿತೆಂದರೆ ಫೋನಿನ ಚಾರ್ಜರ್ ಹುಡುಕಲು ಒಳಗೆ ಹೋಗುವ ಪೈಕಿ ಅವನು.

“ಸತ್ತಿಲ್ಲ ಮಾವ. ನೀವು ಅದನ್ನು ಉಪವಾಸ ಕೆಡವಿದ್ದೀರಿ. ಇದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರ್ತದೆ. ಅದೇ ಇದರ ಬಣ್ಣ, ಅದೇ ಇದಕ್ಕೆ ಊಟ ಹಾಕುದು. ನೀರಿನಲ್ಲಿ ಸ್ವಲ್ಪ ಕೊಳೆ ಬೇಕು, ಬೆಳಕು ಹದವಾಗಿ ಬೇಕು.” ಡೊಂಬಿವಲಿಯಲ್ಲಿ ಹುಟ್ಟಿದವಳು, ಸಿಟ್ಟು ನೆತ್ತಿಗೇರಿದರೆ ಬಾಯಿಗೆ ಹಿಂದಿಯೇ ಬರುವುದು. “ಅಬ್ ಕೋಯೀ ಹಾಥ್ ನಹೀ ಲಗಾಯೇಗಾ. ಇನ್ನು ಯಾರೂ ಇದಕ್ಕೆ ಕೈ ಹಾಕುವ ಹಾಗಿಲ್ಲ. ಬಸ್.”

ಆ ಮನೆಯಲ್ಲಿ ಮೋಹನದಾಸರಿಗೆ ಹೀಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. “ಕೊಳೆ ಬೇಕಂತೆ, ಕೊಳೆ! ಆಯ್ತು. ಚೌತಿಯವರೆಗೆ ಟೈಮು. ಅಷ್ಟರೊಳಗೆ ಬಣ್ಣ ಬಾರದಿದ್ರೆ ಗಣಪತಿಯ ಜೊತೆ ಇದಕ್ಕೂ ತಲಾವಿನ ನೀರಿನಲ್ಲಿ ವಿಸರ್ಜನೆ.”

“ಬಂದ್ರೆ?”

“ಬಂದಾಗ ನೋಡುವ.”

ಪೂಜಿತಾ ಲೈಟು ತಗ್ಗಿಸಿದಳು. ಹವಳವನ್ನು ಕಲ್ಲಿನ ನೆರಳಿಗೆ ಸರಿಸಿದಳು. ಮೀನುಗಳಿಗೆ ಒಂದು ಚಿಟಿಕೆ ಹೆಚ್ಚು ತಿನ್ನಿಸಿ, ನೀರನ್ನು ಅದರಷ್ಟಕ್ಕೆ ಬಿಟ್ಟಳು. ಗಾಜು ಹಸಿರುಗಟ್ಟಿತು. ಗಾಜನ್ನಷ್ಟೇ ಉಜ್ಜಿದ್ದರೆ ಹವಳಕ್ಕೇನೂ ಆಗುತ್ತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಇವತ್ತು ಗಾಜು ಬಿಟ್ಟುಕೊಟ್ಟರೆ ನಾಳೆ ನೀರು, ನಾಡಿದ್ದು ಲೈಟು. ಹವಳದ ನೇರಕ್ಕೆ, ಕೆಳಗೆ, ಅಂಗೈಯಗಲ ಜಾಗವನ್ನಷ್ಟೇ ಒಳಗಿನಿಂದ ಉಜ್ಜಿ ಕಿಂಡಿ ಮಾಡಿಕೊಂಡು ದಿನಾ ಬಗ್ಗಿ ನೋಡುತ್ತಿದ್ದಳು. ಮೋಹನದಾಸರಿಗೆ ಕೈ ಕಡಿಯುತ್ತಿತ್ತು. ಒಮ್ಮೆ ಬಟ್ಟೆ ಹಿಡಿದು ಬಂದವರನ್ನು ಕಂಡು ಅವಳು ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತಳು.

“ಎದುರಿನ ಗಾಜು ಮಾತ್ರ, ಮಾರಾಯ್ತಿ. ನೋಡಿದ್ರೆ ಊಟ ಸೇರುದಿಲ್ಲ ನನಗೆ.”

“ಹಾಗಾದ್ರೆ ನೋಡ್ಬೇಡಿ.”

ಚೌತಿ ಬಂತು. ಮರುದಿನ ಸಂಜೆ ವಿಸರ್ಜನೆಗೆ ಹೊರಡುವಾಗ ಹಾಲ್ ತುಂಬ ನೆಂಟರು. ಹಿತ್ತಾಳೆ ದೀಪ ಹೊಳೆಯುತ್ತಿತ್ತು, ನೆಲ ಹೊಳೆಯುತ್ತಿತ್ತು. ಮೂಲೆಯಲ್ಲಿ ಟ್ಯಾಂಕ್ ಮಾತ್ರ ಕೆರೆಯ ಮೆಟ್ಟಿಲಿನ ಹಾಗೆ ಹಸಿರು. ಥಾಣೆಯಿಂದ ಬಂದಿದ್ದ ರಮಾಕಾಂತ, ಮೋಹನದಾಸರ ಹೆಂಡತಿಯ ತಮ್ಮ, ಅದನ್ನು ನೋಡಿ ಗಹಗಹಿಸಿದ.

“ಇದೆಂತ ಭಾವ, ಹೋಟೆಲು ಬಿಟ್ಟ ಮೇಲೆ ಗಾಜು ಒರೆಸುವವರೇ ಇಲ್ವಾ? ಒಂದು ತೂತು ಬೇರೆ ಉಂಟು. ಕನಕನ ಕಿಂಡಿಯಾ?”

ನೆಂಟರೆಲ್ಲ ನಕ್ಕರು. ಮೋಹನದಾಸರ ಮುಖ ಕೆಂಪಾಯಿತು. ಸೀದಾ ಒಳಗೆ ಹೋಗಿ ಬಕೆಟ್ ತಂದರು. “ಸಾಕು, ಪೂಜಿತಾ. ಟೈಮು ಮುಗಿಯಿತು. ತೆಗೆ ಅದನ್ನು.”

“ತೆಗೀತೇನೆ. ಬಣ್ಣ ಬಂದಿದೆಯೋ ಇಲ್ವೋ, ನೋಡಿ ಹೇಳಿ.”

“ಗಾಜು ಒರೆಸು, ನೋಡ್ತೇನೆ.”

“ಒರೆಸುದಿಲ್ಲ. ಬಗ್ಗಿ ನೋಡಿ.”

ನಗು ನಿಂತಿತು. ಅಕ್ಷಿತ ಚಾರ್ಜರ್ ಹುಡುಕಲು ಒಳಗೆ ಹೋದ. ಕೆಳಗೆ ರಸ್ತೆಯಲ್ಲಿ ಯಾರದೋ ಗಣಪತಿಯ ಢೋಲು ಕೇಳುತ್ತಿತ್ತು. ಪೂಜಿತಾ ಜಾಗ ಬಿಟ್ಟು ಕದಲಲಿಲ್ಲ. ಮೋಹನದಾಸರು ಸೊಸೆಯನ್ನು ದುರುಗುಟ್ಟಿ ನೋಡಿದರು. ಆಮೇಲೆ ಬಕೆಟ್ ಕೆಳಗಿಟ್ಟು, ನೋವಿನ ಮೊಣಕಾಲಿಗೆ ಕೈಯೂರಿ, “ಉಸ್ಸಪ್ಪಾ” ಎನ್ನುತ್ತ ಬಗ್ಗಿ ಕಿಂಡಿಗೆ ಕಣ್ಣಿಟ್ಟರು.

ಬುಡದಿಂದ ಅರ್ಧದವರೆಗೆ ಬೆಲ್ಲದ ಬಣ್ಣ ಏರಿತ್ತು. ತಲೆಯ ತುಂಬ ಸಣ್ಣ ಸಣ್ಣ ಎಳೆಗಳು ಅರಳಿ ನೀರಿನಲ್ಲಿ ತೂಗುತ್ತಿದ್ದವು. ಮೋಹನದಾಸರು ಅಲ್ಲಿಂದ ಬೇಗ ಏಳಲಿಲ್ಲ.

ರಮಾಕಾಂತನಿಗೆ ತಡೆಯಲಾಗಲಿಲ್ಲ. “ಎಂತ ಭಾವ, ಎಂತ ಕಾಣ್ತದೆ?”

ಮೋಹನದಾಸರು ಸೊಂಟ ಹಿಡಿದುಕೊಂಡು ಮೆಲ್ಲಗೆ ಎದ್ದರು. ಖಾಲಿ ಬಕೆಟನ್ನು ಕಾಲಿನಿಂದ ಬದಿಗೆ ಸರಿಸಿದರು.

“ನೀನೂ ಬಗ್ಗು.”