ಮೊದಲು ಯಾರ ಅಂಗಡಿ

"ನೋಡವ್ವಾ, ಮತ್ತೆ ಅವನ ಅಂಗಡಿಗೇ ಹೋತು!" ಉಜ್ಜನಪ್ಪ ಕಂಪ್ಯೂಟರಿನ ಗಾಜಿಗೆ ಬೆರಳು ಊರಿದರು. ಪರದೆಯ ಅಡಿಯ ಸಣ್ಣ ಪಟ್ಟಿಯಲ್ಲಿ ಅವರ ತಮ್ಮ ಬಕ್ಕೇಶನ ಮೆಷಿನ್ನಿನ ಹೆಸರು ಮೂಡಿತ್ತು. "ನಾನು ಟೈಪ್ ಮಾಡಿದ್ದು ನಮ್ಮಪ್ಪನ ಹೆಸರಿನ ಅಂಗಡಿ. ಬಾಗಿಲು ತೆಗೆದವನು ಇವನು. ಇದನ್ನ ಪ್ರಿಂಟ್ ಹಾಕಿ ಕೊಡು. ನಾಳೆ ಮುಂಜಾನೆ ಹಿರಿಯರು ಕೂಡ್ತಾರೆ, ಅವರ ಮುಂದೆ ಇಡ್ತೀನಿ. ಪಾಲು ಆಗಿಹೋಗಲಿ."

ಪಂಪ್‌ಸೆಟ್ ಬಿಡಿಭಾಗದ ವ್ಯಾಪಾರ ಅಪ್ಪನ ಕಾಲದಿಂದ ಒಂದೇ. ಹರಿಹರದ ಅಂಗಡಿ ಅಣ್ಣನ ಕೈಯಲ್ಲಿ, ದಾವಣಗೆರೆ ಮಂಡಿಪೇಟೆಯದು ತಮ್ಮನ ಕೈಯಲ್ಲಿ. ಹೋದ ವರ್ಷ, ತೊಂಬತ್ತೆಂಟರಲ್ಲಿ, ಬಕ್ಕೇಶನೇ ಓಡಾಡಿ ಎರಡೂ ಕಡೆ ಕಂಪ್ಯೂಟರ್ ಇಡಿಸಿ, ಸದಾ ಚಾಲೂ ಇರುವ ಫೋನ್ ಲೈನು ಎಳೆಸಿ, ಇಂಟರ್ನೆಟ್ಟಿನಲ್ಲಿ ಅಪ್ಪನ ಹೆಸರಿನ ಅಂಗಡಿ ತೆರೆದಿದ್ದ. ಕೊಯಮತ್ತೂರಿನವರು, ರಾಜಕೋಟದವರು ಕೂತಲ್ಲೇ ಮಾಲು ನೋಡುವಂತಾಗಿತ್ತು. ಅಂದು ತಮ್ಮನ ಬೆನ್ನು ತಟ್ಟಿದ ಅಣ್ಣ ಹೋದ ತಿಂಗಳು, ಇದೆಲ್ಲ ಹೆಂಗೆ ನಡೀತೈತೆ ಅಂತ ಫೋನಿನಲ್ಲಿ ಕೇಳಿದರೆ, ಬಕ್ಕೇಶ "ನಿನಗ್ಯಾಕಣ್ಣಾ ಆ ತಲೆನೋವು, ನಾನು ನೋಡ್ಕೊಳ್ತೀನಿ" ಅಂದುಬಿಟ್ಟಿದ್ದ. ಆ ಒಂದು ಮಾತಿಗೆ ಉಜ್ಜನಪ್ಪನ ತಲೆಗೆ ಹುಳು ಹೊಕ್ಕಿತು. ಹದಿನೈದು ದಿನದಲ್ಲಿ ಇದು ನಾಲ್ಕನೇ ಸಲ, ಅಂಗಡಿ ಮುಚ್ಚಿ, ಮನೆಯಲ್ಲೂ ಹೇಳದೆ, ಹರಿಹರದಿಂದ ಮಧ್ಯಾಹ್ನದ ಬಸ್ಸು ಹತ್ತಿ ದಾವಣಗೆರೆಯ ಈ ಇಂಟರ್ನೆಟ್ ಸೆಂಟರಿಗೆ ಬಂದದ್ದು. ಮಂಡಿಪೇಟೆ ಇಲ್ಲಿಂದ ಎರಡೇ ಓಣಿ ಆಚೆ.

ಸೆಂಟರ್ ನಡೆಸುವ ನಯನಾ ಎಂಜಿನಿಯರಿಂಗ್ ಓದಿದವಳು. ಯಾರೋ ಪುಕ್ಕಟೆ ಬಿಟ್ಟುಕೊಟ್ಟ ಬ್ರೌಸರೊಂದನ್ನು ಬಿಚ್ಚಿ, ಅದರೊಳಗೆ ತನ್ನದೂ ಒಂದು ಜೋಡಣೆ ಮಾಡಿದ್ದಳು. ಪ್ರಿಂಟ್ ಅಂದರೂ ಅವಳು ಕುರ್ಚಿ ಬಿಟ್ಟು ಏಳಲಿಲ್ಲ.

"ಸಾವ್ಕಾರ್ರೆ, ಸ್ವಲ್ಪ ಕೇಳ್ರಿ. ಬ್ಯಾರೆ ಬ್ರೌಸರಿಗೆ ಒಂದು ಹೆಸರಿಗೆ ಒಂದೇ ಬಾಗಿಲು ಗೊತ್ತು. ಅದು ಹಾಕಿತ್ತು ಅಂದ್ರೆ ಗಿರಾಕಿ ವಾಪಸ್. ನಾನು ಇದಕ್ಕೆ ಕೇಳಿಕೊಂಡು ಹೋಗೋದು ಕಲಿಸೀನಿ. ಈ ಹೆಸರಿನವರ ಅಂಗಡಿ ಯಾವ್ಯಾವ ಮೆಷಿನ್ನಿನಾಗೆ ನಡೀತೈತೆ, ಮೊದಲು ಯಾವುದು, ಆಮೇಲೆ ಯಾವುದು ಅಂತ ಒಂದು ದಾಖಲೆ ಇರ್ತೈತೆ. ಸರ್ವಿಸ್ ರೆಕಾರ್ಡ್ ಅಂತಾರೆ ಅದಕ್ಕೆ."

"ನಮ್ಮ ಅಂಗಡಿ ದಾಖಲೆ ಬರೆಸಿದವರು ಯಾರು?"

"ಬಕ್ಕೇಶಣ್ಣಾರು. ನನ್ನನ್ನ ಕೇಳಿಕೊಂಡೇ ಬರೆಸಿದ್ರು."

"ಹಂಗನ್ನು ಮತ್ತೆ! ತೋರ್ಸು ಅದನ್ನ."

ತೋರಿಸಿದಳು. ಇದ್ದದ್ದು ಎರಡೇ ಸಾಲು. ಹರಿಹರದ ಮೆಷಿನ್ನಿನ ಪಕ್ಕ ಸೊನ್ನೆ, ದಾವಣಗೆರೆಯದರ ಪಕ್ಕ ಹತ್ತು. ಉಜ್ಜನಪ್ಪ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸಿ ಮತ್ತೊಮ್ಮೆ ನೋಡಿದರು. ಸೊನ್ನೆ ಸೊನ್ನೆಯಾಗಿಯೇ ಇತ್ತು.

"ನನಗೆ ಸೊನ್ನೆ, ಅವನಿಗೆ ಹತ್ತು. ಮಗ್ಗಿ ಹೇಳಿಕೊಟ್ಟವನು ನಾನು ಕಣವ್ವಾ. ಲೆಕ್ಕ ಭಾಳ ಚೊಲೋ ಕಲಿತಾನೆ."

"ಇಲ್ಲಿ ಸಣ್ಣ ಅಂಕಿನೇ ಮುಂದೆ ರೀ. ಸೊನ್ನೆ ಅಂದ್ರೆ ಎಲ್ಲಾರಿಗಿಂತ ಮೊದಲು. ಬಂದ ಗಿರಾಕಿ ಮೊದಲು ನಿಮ್ಮ ಬಾಗಿಲೇ ಬಡೀತಾನೆ. ಅಲ್ಲಿ ಯಾರೂ ಓಗೊಡಲಿಲ್ಲ ಅಂದಾಗಷ್ಟೇ ತಮ್ಮನ ಹತ್ರ."

"ನನ್ನ ಕಿವಿಗೇನು ಹೂವು ಇಡ್ತೀಯಾ? ಮೊದಲು ನಾನಾಗಿದ್ರೆ ನಾಲ್ಕು ಸಲನೂ ಅವನ ಹೆಸರೇ ಯಾಕ ಬಂತು? ನೀನೂ ಅವನ ಕಡೆಯವಳೇ ಏನು?"

ನಯನಾ ಅವರ ಮುಖ ನೋಡಿದಳು. "ನಿಮ್ಮ ಅಂಗಡಿ ಕಂಪ್ಯೂಟರ್ ಈಗ ಚಾಲೂ ಐತೇನ್ರಿ?"

"ಅದು ಹೆಂಗೆ ಇರ್ತೈತೆ? ಊರು ಬಿಟ್ಟು ಬರುವಾಗ ಮೇನ್ ಸ್ವಿಚ್ ಕೆಳಗೆ ಎಳೆದು, ಗಲ್ಲಾಪೆಟ್ಟಿಗೆಗೆ ಕೈಮುಗಿದೇ ಹೊರಡೋದು. ಅಪ್ಪನ ಕಾಲದಿಂದ ಹಂಗೇ..." ಅವರ ಕಣ್ಣು ಮತ್ತೆ ಆ ಸೊನ್ನೆಯ ಮೇಲೆ ಹೋಯಿತು.

ನಯನಾ ಫೋನನ್ನು ಅವರ ಮುಂದಕ್ಕೆ ಸರಿಸಿದಳು. ಹರಿಹರದಲ್ಲಿ ಅಂಗಡಿಯ ಹಿಂದೆಯೇ ಮನೆ. "ನಿರ್ಮಲಾ, ಹಿಂಬಾಗಿಲಿಂದ ಹೋಗಿ ಅಂಗಡಿ ಮೇನ್ ಹಾಕು. ಕಂಪ್ಯೂಟರಿನ ಗುಂಡಿ ಒತ್ತು. ಯಾಕ ಅಂತ ಕೇಳಬ್ಯಾಡ." ಹೆಂಡತಿ ಕೇಳಿಯೇ ಕೇಳಿದಳು. "ಎಲ್ಲಿದ್ದೀರಿ? ಇದು ಯಾರ ನಂಬರು?" ಅವರು ಉತ್ತರ ಕೊಡದೆ ಫೋನ್ ಇಟ್ಟರು.

ಹತ್ತು ನಿಮಿಷ ಕಳೆಯಿತು. ನಯನಾ ಅದೇ ಹೆಸರನ್ನು ಮತ್ತೆ ಟೈಪ್ ಮಾಡಿದಳು. ಅದೇ ಪುಟ, ಅದೇ ಮಾಲಿನ ಪಟ್ಟಿ, ಮೇಲೆ ವಿಭೂತಿ ಹಚ್ಚಿದ ಅಪ್ಪನ ಅದೇ ಭಾವಚಿತ್ರ. ಅಡಿಯ ಪಟ್ಟಿಯಲ್ಲಿ ಮಾತ್ರ ಈಗ ಹರಿಹರದ ಮೆಷಿನ್ನು.

"ಇನ್ನೊಂದು ಸಲ," ಎಂದರು ಉಜ್ಜನಪ್ಪ. ಹರಿಹರ.

"ಮತ್ತೊಂದು ಸಲ." ಮತ್ತೆ ಹರಿಹರ.

ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. ಆಮೇಲೆ ರಸ್ತೆಯ ಕಡೆ ಒಮ್ಮೆ ಹೊರಳಿ ನೋಡಿ, ದನಿ ತಗ್ಗಿಸಿದರು. "ತಾಯಿ, ನಾನಿಲ್ಲಿಗೆ ಬಂದು ನೋಡಿದ್ದು ಅವನಿಗೆ ಗೊತ್ತಾಗ್ತೈತೇನು?"

"ಗೊತ್ತಾಗೈತ್ರಿ. ಯಾವ ಕಡೆಯಿಂದ ಬಂದು ನೋಡಿದ್ರು ಅಂತ ಅವರ ಮೆಷಿನ್ನು ಬರೆದಿಟ್ಕೊಳ್ತೈತೆ. ಮೊದಲ ದಿನನೇ ಫೋನ್ ಮಾಡಿ, ನಿಮ್ಮಲ್ಲಿಂದ ನೋಡಿದವರು ಯಾರು ಅಂತ ಕೇಳಿದ್ರು. ನಾನು ಸುಳ್ಳು ಹೇಳಲಿಲ್ಲ."

"ಏನಂದ?"

"ಅವತ್ತು ಏನೂ ಅನ್ನಲಿಲ್ರಿ. ಮೊನ್ನೆ ಅಂದ್ರು. 'ಅಣ್ಣ ಮೂರು ಸಲ ಬಾಗಿಲತನಕ ಬಂದು ಇಣುಕಿ ಹೋಗ್ಯಾನೆ ನಯನಾ. ಒಳಗೆ ಬಂದು ಬೈದಿದ್ರೂ ಆಗ್ತಿತ್ತು.'"