ಅತ್ತೆಯ ಕಹಳೆ ಹೂ

ಕಹಳೆ ಹೂವಿನ ಘಮ ಬಂದರೆ ಇಂದಿಗೂ ನನ್ನ ಕೈ ಕಣ್ಣಿನಿಂದ ದೂರ ಸರಿಯುತ್ತದೆ.

ಎಪ್ಪತ್ತರ ದಶಕದ ಒಂದು ಮಧ್ಯಾಹ್ನ. ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ತಿರುಗಿ ಕಳಿಸಿದ್ದ ನಮ್ಮ ಸೋದರತ್ತೆ ತಿಕೋಟಾದ ನಮ್ಮ ಮನೆಯ ಹಿತ್ತಿಲಲ್ಲಿ ಹಳದಿ ಹೂವಿನ ಪರಾಗವನ್ನು ಹತ್ತಿ ಸುತ್ತಿದ ಕಡ್ಡಿಯಿಂದ ಬಿಳಿ ಹೂವಿಗೆ ಸವರುತ್ತಿದ್ದಳು. ಹೊಸ ಬಣ್ಣದ ಗಿಡ ಹುಟ್ಟಿಸುವ ಆಸೆ ಅವಳಿಗೆ. ಅದೇ ಕೈಯಿಂದ ಮುಖದ ಬೆವರು ಒರೆಸಿಕೊಂಡಳು.

ಸ್ವಲ್ಪ ಹೊತ್ತಿಗೆ, ‘ಒಂದು ಕಣ್ಣ ಮಬ್ಬಾಗೇತಿ’ ಎಂದಳು. ಆ ಕಣ್ಣಿನ ಕಪ್ಪು ಪಾಪೆ ಮಾತ್ರ ಅಗಲವಾಗಿ ಹರಡಿತ್ತು. ನಾನು ಅಜ್ಜಿಯನ್ನು ಕೂಗಿದೆ.

ಅಜ್ಜಿ ನೀರು ಎರಚಿ ಕಣ್ಣು ತೊಳೆಯುತ್ತ ಚೀರಿದಳು: ‘ವಿಷದ ಗಿಡಾ ಅದು! ಅದಕ್ಕ ಕಾಯಿ ಹಿಡಸಾಕ ಹೋಗಿ ಕಣ್ಣ ಕಳಕೊಂತಿಯೇನ?’

ಅತ್ತೆ ಅಳಲಿಲ್ಲ. ಕಣ್ಣು ಮುಚ್ಚಿಕೊಂಡೇ ಗಾಳಿಯಲ್ಲಿ ತಡವಿ ನನ್ನ ಕೈ ಹಿಡಿದಳು.

‘ದುಂಬಿ ಮುಟ್ಟೂದ್ರೊಳಗ ಆ ಹೂವಿಗೆ ಅರಿವಿ ಕಟ್ಟಿ ಬಾರವ್ವಾ. ಈ ಸಲಾನರ ಕಾಯಿ ನಿಲ್ಲಲಿ.’